ಏಳನೇ ಪ್ರೆಸ್ಸಿನ ಸೊನ್ನೆ

ಮೇಷ್ಟ್ರು ತೀರಿಕೊಂಡು ಇಪ್ಪತ್ಮೂರು ದಿನವಾಗಿತ್ತು. ಅಷ್ಟೂ ದಿನ ಅವರ ಮಗಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಊಟಕ್ಕೆ ಕೂತರೆ ಅರ್ಧಕ್ಕೇ ಎದ್ದು ಕಿಟಕಿಯ ಹತ್ತಿರ ಹೋಗುವಳು, ಅಲ್ಲಿ ನೋಡಲಿಕ್ಕೆ ಏನೂ ಇಲ್ಲವೆಂದು ವಾಪಸು ಬರುವಳು. ಕಂಡವರು, ಪಾಪ, ಅಪ್ಪನ ಕೊರಗು ಎಂದರು. ಕೊರಗು ಇತ್ತು, ಇಲ್ಲವೆನ್ನುವುದು ಹೇಗೆ? ಆದರೆ ಅವಳ ತಲೆ ತಿನ್ನುತ್ತಿದ್ದದ್ದು ಬೇರೆಯೇ. ಏಳನೇ ಪ್ರೆಸ್ಸಿಗೆ ಏನಾಗಿದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ, ತಿಳಿದುಕೊಳ್ಳುವುದೇ ಅವಳ ಕೆಲಸವಾಗಿತ್ತು.

ಅದು ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುವ ಕಾರ್ಖಾನೆ. ಉದ್ದನೆಯ ಶೆಡ್ಡಿನಲ್ಲಿ ಹದಿನಾಲ್ಕು ಪ್ರೆಸ್ಸುಗಳು ಒಂದೇ ಸಾಲಿಗೆ ನಿಂತಿದ್ದವು. ಕೆಳಗಿನ ಅಚ್ಚಿನ ಮೇಲೆ ಕೈಯಾರೆ ತಗಡು ಇಟ್ಟು, ಕೈ ತೆಗೆದು, ಕಾಲಲ್ಲಿ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಧಡ್ ಎಂದು ಒಮ್ಮೆ ಇಳಿದು ಮೇಲೆ ಹೋಗಿ ನಿಲ್ಲಬೇಕು. ನಿಲ್ಲಬೇಕು ಎಂಬುದೇ ಮುಖ್ಯ. ಅದನ್ನು ಹಿಡಿದು ನಿಲ್ಲಿಸುವ ಕೊಕ್ಕೆ ಸವೆದಿದ್ದರೆ ಯಂತ್ರ ಯಾರೂ ಕರೆಯದೆ ಇನ್ನೊಮ್ಮೆ ಇಳಿಯುತ್ತದೆ. ಆ ಹೊತ್ತಿಗೆ ಕೈ ಮುಂದಿನ ತಗಡು ಇಡುತ್ತಿರುತ್ತದೆ. ಶೆಡ್ಡಿನವರು ಇದನ್ನು ಎರಡನೇ ಏಟು ಎನ್ನುತ್ತಿದ್ದರು, ಅದೂ ಮೆಲುದನಿಯಲ್ಲಿ.

ಮೇಷ್ಟ್ರಿಗೆ ಬಲಗೈಯಲ್ಲಿ ಮೂರೇ ಬೆರಳು. ಮಿಕ್ಕ ಎರಡನ್ನು ಎರಡನೇ ಏಟು ತಿಂದಿತ್ತು. ಆಗ ಅವರಿಗೆ ಇಪ್ಪತ್ತಾರು ವರ್ಷ. ಪ್ರೆಸ್ಸು ಸರಿಯಿಲ್ಲವೆಂದು ಅವರೇ ಬೆಳಗ್ಗೆ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದರು, ಮಧ್ಯಾಹ್ನ ಆಗಿನ ಸೂಪರ್‌ವೈಸರ್ ಬಟ್ಟೆಯಲ್ಲಿ ಅದನ್ನು ಒರೆಸಿ, ಹೋಗು ಕೆಲಸ ನೋಡು ಎಂದಿದ್ದ. ಆಸ್ಪತ್ರೆಯಿಂದ ಬಂದವರು ಸುಮ್ಮನೆ ಮನೆಗೆ ಹೋಗಲಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಕೂತರು. ಮೊದಲ ದಿನ ಒಬ್ಬರೇ, ಮೂರನೇ ದಿನ ಮೂವತ್ತು ಮಂದಿ, ಆಮೇಲೆ ಶೆಡ್ಡಿಗೆ ಶೆಡ್ಡೇ. ನಲವತ್ತೊಂದು ದಿನದ ಮುಷ್ಕರವಾದ ಮೇಲೆ ಕರಾರಿನಲ್ಲಿ ಒಂದು ಸಾಲು ಸೇರಿತು: ಯಂತ್ರದ ಮೇಲೆ ಯಾವ ಕೆಲಸಗಾರ ಬೇಕಾದರೂ ಗುರುತು ಹಾಕಬಹುದು; ಹಾಕಿದ ಮೇಲೆ ಯಂತ್ರ ನಿಲ್ಲಬೇಕು; ಗುರುತನ್ನು ಹಾಕಿದವರೇ ಅಳಿಸಬೇಕು, ಬೇರೆ ಯಾರೂ ಮುಟ್ಟಕೂಡದು.

ಗುರುತು ದುಂಡಗಿದ್ದದ್ದರಿಂದ ಅದಕ್ಕೆ ಸೊನ್ನೆ ಎಂಬ ಹೆಸರು ಬಿತ್ತು. ಸೊನ್ನೆ ಕೊಡುವವರು, ಜೇಬಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡು ತಿರುಗುವವರು ಮೇಷ್ಟ್ರಲ್ಲದೆ ಇನ್ನೇನು? ನಾಲ್ಕನೇ ತರಗತಿಯಲ್ಲೇ ಶಾಲೆಗೆ ಕೈಮುಗಿದು ಓಡಿಬಂದ ಮನುಷ್ಯ ಹೀಗೆ ಜೀವನಪೂರ್ತಿ ಮೇಷ್ಟ್ರಾಗಿ ಉಳಿದರು. ಯಾರಿಗಾದರೂ ತಮ್ಮ ಯಂತ್ರದ ಮೇಲೆ ಅನುಮಾನ ಬಂದರೆ ಅವರ ಹತ್ತಿರ ಹೋಗಿ, ಕಿವಿಗೆ ಬಾಯಿಟ್ಟು ಹೇಳುವರು. ಆ ಗದ್ದಲದಲ್ಲಿ ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ತಲೆಯಾಡಿಸುವರು, ಹೋಗಿ ಸೊನ್ನೆ ಹಾಕುವರು. ಯಾವ ಸೂಪರ್‌ವೈಸರ್ ಬಂದರೂ ಅವರ ಸೊನ್ನೆಯ ಮುಂದೆ ಉಸಿರೆತ್ತುತ್ತಿರಲಿಲ್ಲ.

ಅಚ್ಚು ಜೋಡಿಸುವುದು ಅವರ ಕೆಲಸ. ಏಳಕ್ಕೂ ಎಂಟಕ್ಕೂ ನಡುವಿನ ಜಾಗದಲ್ಲಿ ಅವರ ಮೇಜಿತ್ತು. ಅಲ್ಲಿ ಕೂತರೆ ಬಲಗಡೆ ಏಳು, ಎಡಗಡೆ ಎಂಟು. ಕೊನೆಯ ದಿನ ಪಾಳಿ ಮುಗಿಯಲು ಐದು ನಿಮಿಷವಿದ್ದಾಗ ಎದ್ದು ಏಳರ ಮೇಲೆ ಸೊನ್ನೆ ಹಾಕಿದರು. ಅಷ್ಟರಲ್ಲಿ ಸೈರನ್ ಕೂಗಿ ಸಾಲಿಗೆ ಸಾಲೇ ನಿಂತಿತು. ಏನಾಗಿದೆ ಎಂದು ಯಂತ್ರ ರಿಪೇರಿ ಮಾಡುವ ಫಿಟ್ಟರಿಗೆ ಹೇಳಬೇಕು. ಆ ಫಿಟ್ಟರ್ ಅವರ ಮಗಳೇ. ಅವಳು ಅವತ್ತು ಪಕ್ಕದ ಶೆಡ್ಡಿನಲ್ಲಿ ಮೋಟಾರಿನ ಅಡಿ ಮಲಗಿದ್ದಳು. ಮನೆಯಲ್ಲಿ ಹೇಳಿದರಾಯಿತು ಎಂದು ಮೇಷ್ಟ್ರು ಹೊರಟರು. ಮನೆಗೆ ಬಂದು ನೀರು ಕುಡಿದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಮಗಳು ಏಳನೇ ಪ್ರೆಸ್ಸನ್ನು ಮೂರು ಸಲ ಬಿಚ್ಚಿ ಜೋಡಿಸಿದಳು. ಕೊಕ್ಕೆ ಹೊಸದರ ಹಾಗಿತ್ತು, ಸ್ಪ್ರಿಂಗು ಗಟ್ಟಿಯಾಗಿತ್ತು, ಬೆಲ್ಟು ಸರಿಯಿತ್ತು. ಎಲ್ಲವೂ ಸರಿಯಿತ್ತು. ಸರಿಯಿದೆ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ಶೆಡ್ಡಿನವರು ಅವಳನ್ನೇ ಮರುಕದಿಂದ ನೋಡಿದರು. ಮೇಷ್ಟ್ರು ಹಾಕಿದ್ದಾರೆ ಅಂದಮೇಲೆ ಏನೋ ಇರುತ್ತೆ, ಇನ್ನೊಂದ್ಸಲ ನೋಡಮ್ಮ ಎಂದರು. ಸರಿಯಿದ್ದರೂ ಅಳಿಸುವವರು ಯಾರು? ಹಾಕಿದವರು ಹೋಗಿಯಾಗಿತ್ತು. ಹಾಗಾಗಿ ಏಳು ಸುಮ್ಮನೆ ನಿಂತಿತು, ಅದರ ಪಾಲಿನ ಕೆಲಸವನ್ನೂ ಎಂಟು ಹೊತ್ತಿತು. ಎಂಟನೇ ಪ್ರೆಸ್ಸಿನಲ್ಲಿ ಕೂರುವವಳು ಮೇಷ್ಟ್ರ ತಂಗಿ, ಅಂದರೆ ಇವಳ ಅತ್ತೆ.

ಅತ್ತೆ, ಸೊಸೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ಮೇಷ್ಟ್ರ ಹೆಂಡತಿ ಬೇಗ ಹೋದ ಮೇಲೆ ಮಗುವನ್ನು ಸಾಕಿದವಳು ಈ ಅತ್ತೆಯೇ. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಆ ದಿನ ಮಧ್ಯಾಹ್ನ ಮೂರಕ್ಕೆ ಕೆಲಸಗಾರರ ಸಂಘದ ಕೋಣೆಯಲ್ಲಿ ಮೇಷ್ಟ್ರ ಭಾವಚಿತ್ರ ಅನಾವರಣವಿತ್ತು, ಅತ್ತೆ ನಾಲ್ಕು ಮಾತಾಡಬೇಕಿತ್ತು. ಬೆಳಗ್ಗೆ ಬುತ್ತಿ ಕಟ್ಟುತ್ತಲೇ ಅವಳ ಅಭ್ಯಾಸ ನಡೆದಿತ್ತು.

"ಬರೀ ಮುಷ್ಕರ ಮುಷ್ಕರ ಅಂದರೆ ಜನ ಆಕಳಿಸ್ತಾರೆ ಕಣೇ. ಒಂದಿಷ್ಟು ನಗಿಸಬೇಕು. ಈ ಎರಡು ವರ್ಷದ ನಿಮ್ಮಪ್ಪನ ಕಿವಿ ಕತೆ ಹೇಳಲಾ?"

"ಯಾವ ಕತೆ?"

"ಯಾವುದು ಅಂದರೆ? ನಾನು ಅಡುಗೆಮನೆಯಿಂದ ಕರೆದರೆ ಬೀದಿ ಬಾಗಿಲಿಗೆ ಹೋಗಿ 'ಏನೇ' ಅನ್ನೋನು. ಎಡಗಡೆ ನಿಂತು ಕರೆದರೂ ಬಲಗಡೆಗೇ ತಿರುಗೋದು. ಎಡಗಿವಿ ಪೂರ್ತಿ ಹೋಗಿತ್ತಲ್ಲ. ಯಾರಿಗೂ ಹೇಳಬೇಡ, ಕೆಲಸದಿಂದ ಕಳಿಸಿಬಿಡ್ತಾರೆ ಅಂತ ನನ್ನ ಹತ್ತಿರ ಆಣೆ ಹಾಕಿಸಿಕೊಂಡಿದ್ದ. ಈಗ ಹೇಳಿದರೆ ಏನು, ಯಾರನ್ನ ಕಳಿಸ್ತಾರೆ?"

ಮಗಳ ಕೈಯಲ್ಲಿದ್ದ ಬುತ್ತಿಡಬ್ಬಿ ಹಾಗೇ ನಿಂತಿತು. ಈ ತಮಾಷೆ ಅವಳಿಗೆ ಹೊಸದಲ್ಲ. ಮನೆಯಲ್ಲಿ ನೂರು ಸಲ ನಕ್ಕಿದ್ದಾರೆ. ಆದರೆ ಮನೆಯ ಅಪ್ಪ ಬೇರೆ, ಶೆಡ್ಡಿನ ಮೇಷ್ಟ್ರು ಬೇರೆ ಎಂಬ ಹಾಗೆ ಇಷ್ಟು ದಿನ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲೇ ಇಲ್ಲ. ಅಪ್ಪ ಆ ಮೇಜಿನ ಮುಂದೆ ಕೂತಿದ್ದಾರೆ. ಯಾವುದೋ ಕೊಕ್ಕೆ ತಡವಾಗಿ ಬೀಳುವ ಸದ್ದು ಕೇಳುತ್ತದೆ. ಕೇಳುವುದು ಬಲಗಿವಿಯೊಂದೇ. ಅಂಥವರಿಗೆ ಲೋಕದ ಸದ್ದೆಲ್ಲ ಬಲಗಡೆಯಿಂದಲೇ ಬರುತ್ತದೆ. ಸದ್ದು ಎಡಗಡೆಯ ಎಂಟರಿಂದ ಬಂದಿದ್ದರೂ ಅವರು ಎದ್ದು ಬಲಗಡೆಯ ಏಳಕ್ಕೆ ಸೊನ್ನೆ ಹಾಕುತ್ತಾರೆ.

"ಅತ್ತೆ, ನೀನು ಇವತ್ತು ಎಂಟರಲ್ಲಿ ಕೂರಬೇಡ."

"ಯಾಕೆ?"

ಅವಳು ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಅತ್ತೆಯ ಮುಖ ಗಂಟಿಕ್ಕಿತ್ತು.

"ಬಾಯಿ ಮುಚ್ಚು. ಮೂವತ್ತು ವರ್ಷ ಆ ಸಾಲಿನ ನಾಡಿ ಹಿಡಿದವನು ನಮ್ಮಣ್ಣ. ನಿನಗೆ ರೋಗ ಸಿಗಲಿಲ್ಲ ಅಂತ ವೈದ್ಯನೇ ಸರಿಯಿಲ್ಲ ಅಂತೀಯ?"

"ಎಂಟಕ್ಕೆ ರೋಗ ಇದ್ದರೆ ಹೋಗೋದು ನಿನ್ನ ಕೈ."

"ಹೋಗಲಿ ಬಿಡು, ನನ್ನ ಕೈ ತಾನೇ," ಎಂದು ಅತ್ತೆ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಶೆಡ್ಡಿನಲ್ಲಿ ಮಗಳು ಮೊದಲು ಎಂಟನೇ ಪ್ರೆಸ್ಸಿನ ಬೆನ್ನಿಗೆ ಹೋದಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿಕೊಂಡಳು. ಹೊರಗಿನ ಗದ್ದಲವೆಲ್ಲ ಹಿಂದೆ ಸರಿದು ಕಬ್ಬಿಣದೊಳಗಿನ ಸದ್ದಷ್ಟೇ ಕೇಳತೊಡಗಿತು. ಧಡ್, ಟಕ್. ಧಡ್, ಟಕ್. ಎಷ್ಟೋ ಹೊತ್ತಿನ ಮೇಲೆ ಒಂದು ಸಲ ಟಕ್ಕು ಒಂಚೂರು ತಡವಾಯಿತೇ? ಆಯಿತು ಎನ್ನಿಸಿತು. ಆಗಲಿಲ್ಲ ಎಂದೂ ಎನ್ನಿಸಿತು. ಕೇಳಲೇಬೇಕೆಂದು ಕೂತ ಕಿವಿಗೆ ಏನು ಬೇಕಾದರೂ ಕೇಳಿಸುತ್ತದೆ. ಯಂತ್ರದ ಆಚೆ ಬದಿಯಲ್ಲಿ ಅತ್ತೆಯ ಕೈಗಳು ತಗಡು ಇಟ್ಟು, ಹಿಂದೆ ಬಂದು, ಮತ್ತೆ ಇಟ್ಟು ಓಡಾಡುತ್ತಿದ್ದವು. ಕೋಪದಲ್ಲಿ ಅವಳು ಎಂದಿಗಿಂತ ಬೇಗ ಕೆಲಸ ಮಾಡುತ್ತಿದ್ದಳು.

ಮಗಳು ಸೂಪರ್‌ವೈಸರ್ ಹತ್ತಿರ ಓಡಿದಳು. "ಸಾರ್, ಎಂಟನ್ನ ಒಂದೆರಡು ಗಂಟೆ ನಿಲ್ಲಿಸಿ. ಕೊಕ್ಕೆ ಬಿಚ್ಚಿ ನೋಡಬೇಕು."

"ಏಳು ಮಲಗಿ ತಿಂಗಳಾಗ್ತಾ ಬಂತು. ಎಂಟನ್ನೂ ಮಲಗಿಸಿದರೆ ಮುಚ್ಚಳ ಏನು, ನಿಮ್ಮಪ್ಪ ಬಂದು ಒತ್ತುತ್ತಾರಾ?" ಎಂದವನೇ ಆಡಬಾರದ ಮಾತು ಆಡಿದೆನೆಂದು ನಾಲಿಗೆ ಕಚ್ಚಿಕೊಂಡ. ಕೆಟ್ಟವನೇನಲ್ಲ, ಮೇಷ್ಟ್ರ ಹೆಣಕ್ಕೆ ಹೆಗಲು ಕೊಟ್ಟವನೇ. "ಭಾನುವಾರ ನೋಡಮ್ಮ. ಈಗ ಆಗಲ್ಲ. ಅಷ್ಟು ಅನುಮಾನ ಇದ್ದರೆ ನಿಮ್ಮ ಸೊನ್ನೆ ಇದೆಯಲ್ಲ, ಹಾಕು."

ಅವನು ಚುಚ್ಚಿ ಹೇಳಿದ್ದೇನಲ್ಲ, ಇದ್ದದ್ದನ್ನು ಹೇಳಿದ. ಆದರೆ ಸೊನ್ನೆ ಹಾಕಿದರೆ ಯಾಕೆ ಹಾಕಿದೆ ಎಂದು ಶೆಡ್ಡಿನವರೆಲ್ಲರ ಮುಂದೆ ಹೇಳಬೇಕು. ಅಪ್ಪನ ಪಟ ಏರುವ ದಿನವೇ, ಅಪ್ಪ ಕಿವಿ ಕೇಳದ್ದನ್ನು ಮುಚ್ಚಿಟ್ಟಿದ್ದರು, ತಪ್ಪು ಯಂತ್ರ ನಿಲ್ಲಿಸಿದರು, ಕೆಟ್ಟದ್ದನ್ನು ಓಡಲು ಬಿಟ್ಟರು ಎಂದು ಮಗಳೇ ಸಾರಬೇಕು. ಅವಳ ಕಾಲುಗಳು ತಾವಾಗಿಯೇ ಸಂಘದ ಕೋಣೆಯ ಕಡೆ ಹೋದವು.

ಸಂಘದ ಕಾರ್ಯದರ್ಶಿ ಏಣಿ ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ಮುಷ್ಕರದ ಕಾಲದಲ್ಲಿ ಮೇಷ್ಟ್ರ ಪಕ್ಕದಲ್ಲೇ ಕೂತಿದ್ದವನು, ಈಗ ತಲೆ ಬೆಳ್ಳಗಾಗಿತ್ತು. ಅವಳ ಮಾತೆಲ್ಲ ಕೇಳಿ ನಿಧಾನವಾಗಿ ಕೆಳಗಿಳಿದ.

"ಖಂಡಿತ ಗೊತ್ತಾ ನಿನಗೆ?"

"ಇಲ್ಲಣ್ಣ. ಬಿಚ್ಚಿದರೆ ಗೊತ್ತಾಗುತ್ತೆ."

"ಹಾಗಾದರೆ ಕೇಳು. ಎಂಟು ಸರಿಯಿದ್ದರೆ ನಿಮ್ಮಪ್ಪನ ಹೆಸರಿಗೆ ಸುಮ್ಮನೆ ಮಸಿ ಬಳಿದ ಹಾಗಾಗುತ್ತೆ. ಸರಿಯಿಲ್ಲದಿದ್ದರೆ ಅವರ ಸೊನ್ನೆನೇ ತಪ್ಪು ಅಂತ ಆಗುತ್ತೆ. ಮೇಷ್ಟ್ರದ್ದೇ ತಪ್ಪು ಅಂದಮೇಲೆ ನಾಳೆಯಿಂದ ಯಾರ ಸೊನ್ನೆಗೆ ಬೆಲೆ ಇರುತ್ತೆ? ಮೇಲಿನವರು ಕಾಯ್ತಾ ಇದ್ದಾರೆ. ನಲವತ್ತೊಂದು ದಿನ ಉಪವಾಸ ಬಿದ್ದು ಗಳಿಸಿದ್ದು ಅದು."

"ಅತ್ತೆ ಕೈ?"

ಅವನು ಕೈಯಲ್ಲಿದ್ದ ಸುತ್ತಿಗೆಯನ್ನು ಮೇಜಿನ ಮೇಲಿಟ್ಟ. "ಇಷ್ಟು ದಿನ ಏನೂ ಆಗಿಲ್ಲವಲ್ಲ. ಸಭೆ ಮುಗೀಲಿ. ನಾಳೆ ಬೆಳಗ್ಗೆ ನಾನೇ ನಿನ್ನ ಜೊತೆ ಬರ್ತೀನಿ."

ಅವನ ಮಾತಿನಲ್ಲಿ ಹುರುಳಿತ್ತು, ಅದೇ ಅವಳಿಗೆ ತಡೆಯಲಾಗದ್ದು. ಮರಳಿ ಶೆಡ್ಡಿಗೆ ಬಂದು ಸಾಲಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ತಿರುಗಿದಳು. ಯಾರೋ ಬೆಲ್ಟು ಜಾರುತ್ತಿದೆ ಎಂದರು. ಬಿಗಿ ಮಾಡಿದಳು, ಯಾವ ಪ್ರೆಸ್ಸೆಂದು ಆಮೇಲೆ ನೆನಪಾಗಲಿಲ್ಲ. ನಾಳೆ ಎಂಬುದಕ್ಕೆ ಎಷ್ಟು ಏಟು? ಅತ್ತೆ ನಿಮಿಷಕ್ಕೆ ಹದಿನೆಂಟು ಒತ್ತುತ್ತಾಳೆ. ಲೆಕ್ಕ ಹಾಕಲು ಹೊರಟು ಅರ್ಧಕ್ಕೇ ಬಿಟ್ಟಳು. ಅಪ್ಪನ ಮೇಲೆ ಸಿಟ್ಟು ಉಕ್ಕಿತು. ಕಿವಿ ಹೋದರೆ ಹೋಯಿತು ಎಂದು ಒಂದು ಮಾತು ಹೇಳಲಿಕ್ಕೇನಾಗಿತ್ತು ಈ ಮನುಷ್ಯನಿಗೆ? ಶೆಡ್ಡಿನಿಂದ ಕಳಿಸಿದ್ದರೆ ಮನೆಯಲ್ಲಿ ಕೂತು ಇನ್ನೂ ನಾಲ್ಕು ವರ್ಷ ಬದುಕುತ್ತಿರಲಿಲ್ಲವೇ? ಆ ಮೂರು ಬೆರಳಿನ ಕೈಯನ್ನು ಎಲ್ಲರೂ ಹಾಡಿ ಹೊಗಳುತ್ತಾರೆ. ಬಾಲ್ಯದಲ್ಲಿ ಅವಳ ಜಡೆ ಹೆಣೆಯಲು ಆ ಕೈ ಪಟ್ಟ ಪಾಡು ಅವಳಿಗೊಬ್ಬಳಿಗೇ ಗೊತ್ತು.

ಹನ್ನೊಂದೂವರೆಗೆ ಅವಳು ಅಪ್ಪನ ಮೇಜಿನ ಸೆಳೆಖಾನೆ ಎಳೆದು ಸೀಮೆಸುಣ್ಣ ತೆಗೆದುಕೊಂಡಳು. ಎಂಟರ ಮುಂದೆ ಹೋಗಿ, ಅತ್ತೆಯ ಭುಜದ ಮೇಲಿಂದ ಕೈ ಚಾಚಿ, ಹಸಿರು ಬಣ್ಣದ ಕಬ್ಬಿಣದ ಮೇಲೆ ದೊಡ್ಡದಾಗಿ ಸೊನ್ನೆ ಎಳೆದಳು. ಅದು ಕುಂಬಳಕಾಯಿಯ ಆಕಾರಕ್ಕೆ ಬಂತು.

ಅತ್ತೆ ಪೆಡಲಿನಿಂದ ಕಾಲು ತೆಗೆದಳು. ಸೊನ್ನೆ ಬಿದ್ದಮೇಲೆ ಒತ್ತುವ ಹಾಗಿಲ್ಲ, ಅದನ್ನು ಮುರಿಯುವ ಹೆಂಗಸಲ್ಲ ಅವಳು. ಆದರೆ ಸೊಸೆಯ ಮುಖ ನೋಡಲಿಲ್ಲ. ಆರರವರು, ಒಂಬತ್ತರವರು ಕತ್ತು ತಿರುಗಿಸಿದರು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಒಂದೊಂದೇ ಪ್ರೆಸ್ಸು ನಿಂತು, ಶೆಡ್ಡಿನಲ್ಲಿ ಸೈರನ್ ಇಲ್ಲದೆಯೇ ನಿಶ್ಶಬ್ದವಾಯಿತು. ಸೂಪರ್‌ವೈಸರ್ ಬಂದ. ಕಾರ್ಯದರ್ಶಿಯೂ ಬಂದ.

ಹೇಳಬೇಕಾದ್ದನ್ನು ಅವಳು ಹೇಳಿದಳು. ಚೆನ್ನಾಗಿ ಹೇಳಲಿಲ್ಲ, ತೊದಲಿದಳು. "ಅಪ್ಪನಿಗೆ ಎಡಗಿವಿ ಕೇಳ್ತಿರಲಿಲ್ಲ. ಎರಡು ವರ್ಷದಿಂದ. ಅವರು ಏಳಕ್ಕೆ ಹಾಕಿದ್ದು ತಪ್ಪು ಅಂತ ನನಗನ್ನಿಸುತ್ತೆ. ಎಂಟನ್ನ ಬಿಚ್ಚಿ ನೋಡ್ತೀನಿ."

ಹಿಂದಿನಿಂದ ಯಾರೋ, "ಸತ್ತವರ ಮೇಲೆ ಹಾಕೋದು ಸುಲಭ," ಎಂದರು. ಅವಳು ಸ್ಪ್ಯಾನರ್ ತೆಗೆದುಕೊಂಡಳು.

ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಜಾಗ ಬಿಟ್ಟು ಕದಲಲಿಲ್ಲ, ಯಾರೂ ಸಹಾಯಕ್ಕೂ ಬರಲಿಲ್ಲ. ಕೊನೆಯ ಬೋಲ್ಟು ಹೊರಬಂದು ಮುಚ್ಚಿದ ತಗಡು ಸರಿದಾಗ ಒಳಗೆ ಕೈಹಾಕಿದಳು. ಕೊಕ್ಕೆಯ ಮೂಲೆ ಬೆರಳಿಗೆ ಸಾಬೂನಿನ ಹಾಗೆ ನುಣ್ಣಗೆ ತಾಗಿತು. ಅದರ ಹಿಂದಿನ ಸ್ಪ್ರಿಂಗು ಎಳೆದರೆ ಅರ್ಧವೇ ಬಂತು. ಇನ್ನರ್ಧ ಒಳಗೇ ಓರೆಯಾಗಿ ಸಿಕ್ಕಿಕೊಂಡು, ಇಷ್ಟು ದಿನ ಅದೃಷ್ಟವೊಂದರಿಂದಲೇ ಕೊಕ್ಕೆಯನ್ನು ತಳ್ಳುತ್ತಿತ್ತು. ಅದನ್ನೂ ಹೊರಗೆಳೆದು ಎರಡೂ ತುಂಡನ್ನು ಅಂಗೈಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದಳು.

ಅತ್ತೆ ಸ್ಪ್ರಿಂಗು ನೋಡಿದಳು, ಆಮೇಲೆ ತನ್ನ ಎರಡು ಕೈಗಳನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಸದ್ದು ಅವನಿಗೆ ಸರಿಯಾಗೇ ಕೇಳಿಸಿದೆ," ಎಂದಳು. "ಹದಿನಾಲ್ಕು ಯಂತ್ರದ ನಡುವೆ, ಒಂದೇ ಕಿವೀಲಿ. ಕೈ ಮಾತ್ರ ಏಳರ ಕಡೆ ಹೋಯಿತು." ಹಾಗೆಂದು ಸೊಸೆಯ ಕೆನ್ನೆಗೆ ಎಣ್ಣೆ ಮೆತ್ತಿದ ಕೈಯಿಂದ ಮೆಲ್ಲಗೆ ತಟ್ಟಿದಳು.

ಗುಂಪಿನ ಉಸಿರು ಸಡಿಲವಾಯಿತು. ಅಲ್ಲವೇ ಮತ್ತೆ, ಮೇಷ್ಟ್ರು ಅಂದರೆ ಸುಮ್ಮನೆಯೇ ಎಂದು ಮಾತು ಶುರುವಾಯಿತು. ಇನ್ನು ಏಳರ ಸೊನ್ನೆ ಅಳಿಸಬಹುದಲ್ಲ ಎಂದು ಸೂಪರ್‌ವೈಸರ್ ಕೇಳಿದ. ಹಾಕಿದವರೇ ಅಳಿಸಬೇಕು, ಅವರಿಲ್ಲದಿದ್ದರೆ ಏನು ಮಾಡಬೇಕೆಂದು ಕರಾರಿನಲ್ಲಿಲ್ಲ, ಅದಕ್ಕೆ ಇನ್ನೊಂದು ಸಭೆ ಕರೆಯಬೇಕಾಗುತ್ತೆ ಎಂದ ಕಾರ್ಯದರ್ಶಿ, ಗೆಲುವಾಗಿಯೇ. ಮಗಳಿಗೂ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಅಪ್ಪನ ಹೆಸರೂ ಉಳಿಯಿತು, ಅತ್ತೆಯ ಕೈಯೂ ಉಳಿಯಿತು. ಜನ ತಮ್ಮ ತಮ್ಮ ಜಾಗಕ್ಕೆ ಹೊರಟರು.

ಒಬ್ಬಳು ಮಾತ್ರ ಹೊರಡಲಿಲ್ಲ. ಮೂರನೇ ಪ್ರೆಸ್ಸಿನಾಕೆ. ನಲವತ್ತರ ಹೆಂಗಸು, ಯಾರೊಂದಿಗೂ ಹೆಚ್ಚು ಮಾತಿಲ್ಲ, ಸಭೆಗಳಲ್ಲಿ ಹಿಂದಿನ ಸಾಲು. ಎಲ್ಲರೂ ದೂರ ಹೋಗುವವರೆಗೆ ಕಾದು ಹತ್ತಿರ ಬಂದಳು.

"ಮೇಷ್ಟ್ರಿಗೆ ಎಡಗಿವಿ ಕೇಳ್ತಿರಲಿಲ್ಲ ಅಂದೆಯಲ್ಲಮ್ಮ. ಪೂರ್ತಿನಾ?"

"ಪೂರ್ತಿ. ಯಾಕಕ್ಕ?"

"ನನ್ನ ಪೆಡಲು ಒಂದೊಂದು ಸಲ ಸಿಕ್ಕಿಕೊಳ್ಳುತ್ತೆ. ಕಾಲು ತೆಗೆದರೂ ಮೇಲೆ ಬರಲ್ಲ, ಅಚ್ಚು ಇನ್ನೊಂದು ಸಲ ಇಳಿಯುತ್ತೆ. ಹೋದ ವರ್ಷ ಅವರಿಗೆ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಮೇಜಿನ ಹತ್ತಿರ ಹೋಗಿ, ಕಿವಿ ಹತ್ತಿರ ಬಗ್ಗಿ." ಅವಳು ಮೇಜಿನ ಎಡಬದಿಗೆ ಕೈ ತೋರಿಸಿದಳು. "ತಲೆಯಾಡಿಸಿದರು. ಆದರೆ ಸೊನ್ನೆ ಹಾಕಲಿಲ್ಲ. ಮೇಷ್ಟ್ರೇ ಹಾಕಲಿಲ್ಲ ಅಂದಮೇಲೆ ಯಂತ್ರ ಸರಿಯಾಗೇ ಇರಬೇಕು, ನನಗೇ ಏನೋ ಭ್ರಮೆ ಅಂದುಕೊಂಡೆ."

ಮಗಳು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಳು. ಕೇಳಿಸದ ಮಾತಿಗೆ ಅಪ್ಪ ತಲೆಯಾಡಿಸುತ್ತಿದ್ದದ್ದು ಅವಳ ಕಣ್ಣಿಗೆ ಕಟ್ಟಿತು. ಮನೆಯಲ್ಲೂ ಹಾಗೆಯೇ, ನಗುತ್ತ, ಹೂಂ ಎಂದು. ಇನ್ನೂ ಯಾರು ಯಾರು ಆ ಬದಿಯಿಂದ ಹೇಳಿ, ಅವರ ಮೇಲಿನ ನಂಬಿಕೆಯಿಂದಲೇ ಸುಮ್ಮನಾಗಿ ಹೋಗಿ ಕೂತಿದ್ದಾರೋ. ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಅಷ್ಟೇ ಪ್ರೀತಿಯೂ ಬಂತು, ಎರಡೂ ಒಟ್ಟಿಗೆ.

"ಒಂದು ವರ್ಷದಿಂದ ಅದರಲ್ಲೇ ಕೂರ್ತಾ ಇದ್ದೀರಾ?"

"ಮತ್ತೆಲ್ಲಿ ಕೂರಲಿ? ಎಡಗೈಯಲ್ಲಿ ತಗಡು ಇಡ್ತೀನಿ. ಹೋದರೆ ಎಡಗೈ ಹೋಗಲಿ ಅಂತ."

ಮಗಳು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟಳು. ನೀನೇ ಹಾಕಮ್ಮ, ನನಗೆ ಬರಲ್ಲ ಎಂದು ಆಕೆ ಹಿಂಜರಿದಳು. ನಿಮ್ಮ ಯಂತ್ರ, ನೀವೇ ಹಾಕಬೇಕು ಎಂದು ಇವಳು ಪಟ್ಟು ಹಿಡಿದಳು. ಇಬ್ಬರೂ ಮೂರರ ಹತ್ತಿರ ಹೋದರು. ಆಕೆ ಅತ್ತಿತ್ತ ನೋಡಿ ಸಣ್ಣದೊಂದು ಸೊನ್ನೆ ಹಾಕಿದಳು, ಅದೂ ಯಾರ ಕಣ್ಣಿಗೂ ಬೀಳಬಾರದು ಎಂಬ ಹಾಗೆ ಕೆಳಗಡೆ.

ಮಗಳು ನೆಲಕ್ಕೆ ಒರಗಿ ಪೆಡಲಿನ ಅಡಿಗೆ ತೋಳು ತೂರಿಸಿದಳು. ಅಲ್ಲಿಂದ ಆಕೆಯ ಚಪ್ಪಲಿ ಹಾಕಿದ ಕಾಲಷ್ಟೇ ಕಾಣುತ್ತಿತ್ತು, ಹೆಬ್ಬೆರಳು ಒಂದೇ ಸಮನೆ ನೆಲ ಕೆರೆಯುತ್ತಿತ್ತು. ಪೆಡಲಿನ ಕೀಲು ಬಾಗಿತ್ತು. ಅದನ್ನು ಮೇಲೆ ಎತ್ತಬೇಕಾದ ಸ್ಪ್ರಿಂಗು ಇರಲೇ ಇಲ್ಲ. ಯಾರೋ ಯಾವ ಕಾಲದಲ್ಲೋ ತಂತಿಯ ತುಂಡೊಂದನ್ನು ಸುತ್ತಿ ಬಿಟ್ಟಿದ್ದರು. ತಂತಿ ಅವಳ ಬೆರಳಿಗೆ ಸಿಕ್ಕಿದ್ದೇ ತುಂಡಾಯಿತು.

"ಏನಾದರೂ ಇದೆಯಾ?" ಎಂದು ಆಕೆ ಮೇಲಿನಿಂದ ಕೇಳಿದಳು. ಆಮೇಲೆ ಇನ್ನೂ ಮೆಲ್ಲಗೆ, "ಭ್ರಮೆ ಅಲ್ಲ ತಾನೇ?"

"ಅಲ್ಲ ಅಕ್ಕ," ಎಂದಳು ಮಗಳು. "ಭ್ರಮೆ ಅಲ್ಲ."

ಆಕೆ ಅಲ್ಲೇ, ಯಂತ್ರದ ಪಕ್ಕದಲ್ಲಿ, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಳು.